ನೆದರ್ ಕೂಂಬ್ಲಿಯ ಇಗರ್ಜಿ ಗಂಟೆಯೂ ಕ್ಯಾಂಪ್‌ಬೆಲ್‌ನ ಮೀಟಿಂಗೂ

ಮಾನ್ಯ ಶ್ರೀ ವಿಕಾಸ್ ಅವರೇ,

ವರ್ಷದಲ್ಲಿ ಮುನ್ನೂರೈವತ್ತನಾಲ್ಕು ದಿನ ಅಮೆರಿಕದ ಕ್ಯಾಂಪ್‌ಬೆಲ್ ನಗರವನ್ನೂ, ಮಿಕ್ಕ ಹನ್ನೊಂದು ದಿನ ಇಂಗ್ಲೆಂಡಿನ ನೆದರ್ ಕೂಂಬ್ಲಿ ಎಂಬ ಪುಟ್ಟ ಹಳ್ಳಿಯನ್ನೂ ತಮ್ಮ ವಾಸದಿಂದ ಪಾವನಗೊಳಿಸುತ್ತಿರುವ ತಮಗೆ, ಡಬ್ಲಿನ್ ನಿವಾಸಿ ಸುಗುಣಾ ಜಯರಾಜ್ ಎಂಬ ಎಪ್ಪತ್ತೊಂದು ವರ್ಷದ ಹೆಂಗಸು ತಲೆಬಾಗಿ, ಸೊಂಟ ಹಿಡಿದುಕೊಂಡಿರುವುದರಿಂದ ಹೆಚ್ಚೇನೂ ಬಾಗದೆ, ಮಾಡುವ ನಮಸ್ಕಾರಗಳು. ಡಬ್ಲಿನ್ ಎಂದರೆ ಐರ್ಲೆಂಡಿನದಲ್ಲ. ತಮ್ಮ ಮನೆಯಿಂದ ಫ್ರೀವೇ ಹಿಡಿದು ಹೊರಟರೆ, ಟ್ರಾಫಿಕ್ಕು ದಯೆ ತೋರಿದರೆ, ಮುಕ್ಕಾಲು ತಾಸಿನಲ್ಲಿ ಸಿಗುವ ನಮ್ಮದೇ ಡಬ್ಲಿನ್. ತಾವೂ ತಮ್ಮ ಶ್ರೀಮತಿ ಇಂದು ಅವರೂ ಚಿರಂಜೀವಿ ಕುಶಲನೂ ಕ್ಷೇಮವೆಂದು ನಂಬಿ, ನಮ್ಮ ಕನ್ನಡ ಬಳಗದ ಮಾಸಪತ್ರಿಕೆಯ ಸಂಪಾದಕರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ ಈ ಎರಡು ಪುಟಗಳಲ್ಲಿ ನನ್ನ ಅಹವಾಲನ್ನು ತಮ್ಮ ಮುಂದಿಡುತ್ತಿದ್ದೇನೆ.

ತಾವು ನನ್ನನ್ನು ಬಲ್ಲವರಲ್ಲ, ನಾನು ಮಾತ್ರ ತಮ್ಮನ್ನು ಬಲ್ಲೆ. ಕಳೆದ ಯುಗಾದಿಯಂದು ಲಿವರ್‌ಮೋರ್ ದೇವಸ್ಥಾನದಲ್ಲಿ ತಾವು ಕುಶಲನನ್ನು ಹೆಗಲಿಗೇರಿಸಿಕೊಂಡು, ದೇವರಿಗೆ ಕಿವಿ ಮಂದವಾಗಿದೆಯೋ ಎಂಬಂತೆ ಗಂಟೆಯನ್ನು ಹನ್ನೊಂದು ಸಲ ಬಾರಿಸಿದಾಗ, ಹಿಂದೆಯೇ ಕಿವಿ ಮುಚ್ಚಿಕೊಂಡು ನಿಂತಿದ್ದವಳು ನಾನು. ಆಮೇಲೆ ಊಟದ ಸಾಲಿನಲ್ಲಿ ತಾವು ಪಕ್ಕದವರಿಗೆ, ಇಂಗ್ಲೆಂಡಿನ ನೆದರ್ ಕೂಂಬ್ಲಿಯಲ್ಲಿ ಇಗರ್ಜಿಗೆ ತಾಗಿದ ಹಳೆಯ ಪಾದ್ರಿ ಬಂಗಲೆಯೊಂದನ್ನು ಕೊಂಡ ಕಥೆಯನ್ನು ಹೇಳುತ್ತಿದ್ದಿರಿ. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ನನ್ನ ಕೈಯಲ್ಲಿದ್ದ ಪುಳಿಯೋಗರೆ ಮುಂದೆ ನಿಂತಿದ್ದವರ ರೇಷ್ಮೆ ಶಲ್ಯದ ಮೇಲೆ ಬಿತ್ತು. ಯಾಕೆಂದರೆ ಆ ಊರಿನಲ್ಲಿ ನಾನು ಮೂವತ್ತಮೂರು ವರ್ಷ ಬಾಳಿದವಳು.

ಈಗ ವಿಷಯಕ್ಕೆ ಬರುತ್ತೇನೆ. ತಾವು ಅಲ್ಲಿಯ ಜಿಲ್ಲಾ ಕೌನ್ಸಿಲ್ಲಿಗೆ ಹತ್ತೊಂಬತ್ತು ಪುಟಗಳ ದೂರು ಸಲ್ಲಿಸಿ, ಇಗರ್ಜಿಯ ಗೋಪುರದಲ್ಲಿರುವ ಆರು ಗಂಟೆಗಳ ಸದ್ದು ತಮ್ಮ ನೆಮ್ಮದಿಗೆ ಭಂಗ ತರುತ್ತಿದೆಯೆಂದೂ, ಬುಧವಾರದ ಅಭ್ಯಾಸವನ್ನು ನಿಲ್ಲಿಸಿ ಭಾನುವಾರದ ಬಾರಿಸುವಿಕೆಯನ್ನು ಐದು ನಿಮಿಷಕ್ಕೆ ಇಳಿಸಬೇಕೆಂದೂ ಕೋರಿದ್ದೀರಿ. ಸೆಪ್ಟೆಂಬರ್ ನಾಲ್ಕರ ಗುರುವಾರ ಅದರ ವಿಚಾರಣೆ. ಅದಾಗಿ ಹತ್ತನೆಯ ದಿನಕ್ಕೆ, ಅಂದರೆ ಹದಿನಾಲ್ಕರ ಭಾನುವಾರ, ಡೆರೆಕ್ ಟಕ್ಕರ್ ಎಂಬವರಿಗೆ ತೊಂಬತ್ತು ತುಂಬುತ್ತದೆ. ಹದಿನಾಲ್ಕನೆಯ ವಯಸ್ಸಿನಿಂದ ಆ ಗೋಪುರದಲ್ಲಿ ಹಗ್ಗ ಎಳೆಯುತ್ತಿರುವ ಅವರು, ಅಂದು ಜೊತೆಯ ಐವರೊಡನೆ ಆರು ಗಂಟೆಗಳನ್ನೂ ಮುಕ್ಕಾಲು ತಾಸು ಎಡೆಬಿಡದೆ ಬಾರಿಸಿ ಹಗ್ಗ ಕೆಳಗಿಡಬೇಕೆಂದಿದ್ದಾರೆ. ಭುಜ ಇನ್ನೊಂದು ವರ್ಷ ಕೇಳುವುದಿಲ್ಲವೆಂದು ವೈದ್ಯರು ಹೇಳಿಯಾಗಿದೆ. ತಮ್ಮ ದೂರು ಗೆದ್ದರೆ ಅದು ನಡೆಯುವುದಿಲ್ಲ. ನನ್ನ ತಕರಾರು ಇಷ್ಟೇ, ಉಳಿದದ್ದೆಲ್ಲ ಮರ್ಯಾದೆ.

ಮೊದಲಿಗೆ ತಮ್ಮ ದೂರಿನ ವೈಜ್ಞಾನಿಕತೆಯನ್ನು ಕೊಂಡಾಡದಿದ್ದರೆ ನನಗೆ ಊಟ ಸೇರುವುದಿಲ್ಲ. ತಾವು ಬಂಗಲೆಯ ತೋಟದ ಗೋಡೆಗೆ ಸದ್ದು ಅಳೆಯುವ ಯಂತ್ರವೊಂದನ್ನು ಸಿಕ್ಕಿಸಿದ್ದೀರಿ. ಅಲ್ಲಿ ಬುಧವಾರ ಸಂಜೆ ಏಳೂವರೆಗೆ ಅಭ್ಯಾಸ ಶುರುವಾದರೆ, ಇಲ್ಲಿ ಬೆಳಗ್ಗೆ ಹನ್ನೊಂದೂವರೆಗೆ, ಮೀಟಿಂಗಿನ ನಡುವೆ, ತಮ್ಮ ಫೋನು ಕೆಂಪಾಗಿ ಗಡಗಡ ನಡುಗುತ್ತದೆ. ಸದ್ದಾಗುವುದು ಅಲ್ಲಿ, ಬೆಚ್ಚಿಬೀಳುವುದು ಇಲ್ಲಿ. ಹಿಂದಿನವರು ನೆರೆಮನೆಯ ಗಲಾಟೆಗೆ ನೆರೆಮನೆಯಲ್ಲಿದ್ದುಕೊಂಡೇ ತಲೆ ಕೆಡಿಸಿಕೊಳ್ಳುತ್ತಿದ್ದರು. ಒಂದು ಸಾಗರ, ಒಂದು ಖಂಡ ದಾಟಿ ಬಂದ ಗಲಾಟೆಗೆ ತಲೆ ಕೆಡಿಸಿಕೊಂಡ ಮೊದಲ ಮಹನೀಯರು ತಾವೇ ಇರಬೇಕು.

ನನ್ನ ಪರಿಚಯ ಹೇಳಿಕೊಳ್ಳದೆ ಬೇರೆಯವರ ಗುಣಗಾನ ಮಾಡುವುದು ತಪ್ಪಾಗುತ್ತದೆ. ನಾನು ಉಡುಪಿ ಕಡೆಯವಳು. ಮದುವೆಯಾದ ಮರುವರ್ಷ, 1979ರಲ್ಲಿ, ನನ್ನ ಗಂಡ ಡಾಕ್ಟರ್ ಜಯರಾಜ್ ನೆದರ್ ಕೂಂಬ್ಲಿಗೆ ಊರ ವೈದ್ಯರಾಗಿ ಬಂದರು. ಆಗ ಅಲ್ಲಿ ಎರಡು ಹಾಲಿನ ಫಾರ್ಮು, ಮೂವತ್ತೊಂದು ಮಕ್ಕಳ ಶಾಲೆ, ಒಂದು ಬೇಕರಿ, ಒಂದು ಅಂಚೆ ಕಚೇರಿ, ಒಂದು ಕುಲುಮೆ, ಮಂಗಳವಾರವೂ ಶುಕ್ರವಾರವೂ ಬರುವ ಒಂದು ಬಸ್ಸು ಇದ್ದವು. ಊರಿಗೆ ಕಾಲಿಟ್ಟ ಮೂರನೆಯ ದಿನ ನಾನು ಮನೆ ಹುಡುಕಿಕೊಂಡು ಹೋಗುವಂತೆ ದೇವರನ್ನು ಹುಡುಕಿಕೊಂಡು ಹೊರಟೆ. ನಮ್ಮ ದೇವರ ಗುಡಿ ಹತ್ತಿರದಲ್ಲೆಲ್ಲೂ ಇಲ್ಲ, ಇವರ ದೇವರಾದರೂ ಇರಲಿ, ಕೈಮುಗಿದು ಬರೋಣವೆಂದು ಇಗರ್ಜಿಯ ಬಾಗಿಲು ತಳ್ಳಿದೆ. ಒಳಗೆ ಒಂದು ನರಪಿಳ್ಳೆಯಿಲ್ಲ, ಬಾಗಿಲ ಪಕ್ಕದಲ್ಲೇ ಮೇಲಿನಿಂದ ದಪ್ಪ ಹಗ್ಗಗಳು ಇಳಿಬಿದ್ದಿವೆ. ಗುಡಿಗೆ ಬಂದವರು ಗಂಟೆ ಹೊಡೆಯದೆ ಒಳಗೆ ಹೋಗುವುದುಂಟೇ? ಎಲ್ಲಕ್ಕಿಂತ ದಪ್ಪನೆಯ ಹಗ್ಗ ಹಿಡಿದು, ಗಂಡನ ಹೆಸರಿನಲ್ಲಿ ಮೂರು, ನನ್ನ ಹೆಸರಿನಲ್ಲಿ ಮೂರು, ಹೊಟ್ಟೆಯಲ್ಲಿದ್ದ ಕೂಸಿನ ಹೆಸರಿನಲ್ಲಿ ಮೂರು ಸಲ, ನಡುನಡುವೆ ಭಕ್ತಿಯಿಂದ ಕಣ್ಣು ಮುಚ್ಚುತ್ತ, ಗಟ್ಟಿಯಾಗಿ ಎಳೆದೆ.

ಆ ಊರಿನಲ್ಲಿ ದೊಡ್ಡ ಗಂಟೆಯೊಂದನ್ನೇ ಮೂರರಂತೆ ಮೂರು ಸಲ ಬಾರಿಸಿದರೆ, ಒಬ್ಬ ಗಂಡಸು ತೀರಿಕೊಂಡನೆಂದು ಅರ್ಥವಂತೆ. ಹತ್ತೇ ನಿಮಿಷದಲ್ಲಿ ಇಡೀ ಊರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಇಗರ್ಜಿಯ ಮುಂದೆ ನೆರೆಯಿತು. ಸತ್ತವನು ಯಾರೆಂದು ಯಾರಿಗೂ ತಿಳಿಯದೆ, ಗಂಡಸರು ಒಬ್ಬರನ್ನೊಬ್ಬರು ಮುಟ್ಟಿ ನೋಡಿಕೊಂಡು ಎಣಿಕೆ ಶುರುಮಾಡಿದರು. ಎಣಿಕೆಯಲ್ಲಿ ಡೆರೆಕ್‌ರ ದೊಡ್ಡಪ್ಪ ಒಬ್ಬರು ಕಡಿಮೆ ಬಿದ್ದರು. ಹಿಂದಿನ ದಿನವಷ್ಟೇ ಹೊಸ ಡಾಕ್ಟರಿಂದ ಮಾತ್ರೆ ತೆಗೆದುಕೊಂಡು ಹೋಗಿದ್ದವರು! ನನ್ನ ಗಂಡ ಬಿಳಿಚಿಕೊಂಡು ಓಡಿದರು. ದೊಡ್ಡಪ್ಪನವರು ಹುಲ್ಲಿನ ಮೆದೆಯ ಹಿಂದೆ ಗೊರಕೆ ಹೊಡೆಯುತ್ತಿದ್ದು, ಎಬ್ಬಿಸಿದಾಗ ಹೆಂಡತಿ ಅಳುತ್ತಿರುವುದನ್ನು ಕಂಡು ಬಹಳ ಸಂತೋಷಪಟ್ಟರೆಂದು ಕೇಳಿದ್ದೇನೆ. ನಾನು ಮಾತ್ರ ಹಗ್ಗ ಬಿಡದೆ, ಭೂಮಿ ಬಾಯಿ ಬಿಡಬಾರದೇ ಎಂದುಕೊಂಡು ನಿಂತಿದ್ದೆ. ಆಗ ನಲವತ್ತನಾಲ್ಕರ ಡೆರೆಕ್, ಸಗಣಿ ಮೆತ್ತಿದ ಬೂಟಿನಲ್ಲಿ ನನ್ನ ಬಳಿ ಬಂದು, ಒಂಬತ್ತೂ ಸಲ ಒಂದೇ ಅಳತೆಯಲ್ಲಿ ಎಳೆದಿದ್ದೀರಿ, ನಮಗೆ ಆರನೆಯವರು ಬೇಕಾಗಿದ್ದರು, ಬುಧವಾರ ಬನ್ನಿ ಎಂದರು. ಬೈಗುಳಕ್ಕೆ ಸಿದ್ಧಳಾಗಿದ್ದ ನನಗೆ ಉದ್ಯೋಗ ಸಿಕ್ಕಿತು.

ಆರು ಗಂಟೆಗೆ ಆರು ಹಗ್ಗ, ಆರು ಜನ. ಒಂದೊಂದು ಸುತ್ತಿಗೂ ಬಾರಿಸುವ ಕ್ರಮ ಬದಲಾಗುತ್ತ ಹೋಗುತ್ತದೆ. ತನ್ನ ಸರದಿ ಯಾವಾಗ, ಯಾರ ಹಿಂದೆ, ಯಾರ ಮುಂದೆ ಎಂಬುದನ್ನು ಎಲ್ಲರೂ ತಲೆಯಲ್ಲೇ ಇಟ್ಟುಕೊಳ್ಳಬೇಕು. ಒಬ್ಬರು ಬರದಿದ್ದರೆ ಉಳಿದ ಐವರು ಬಂದದ್ದು ದಂಡ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಆ ಲೆಕ್ಕಾಚಾರದೊಳಗೆ ಇಳಿದೆ, ಮತ್ತೆ ಮೇಲೇಳಲಿಲ್ಲ.

ದೂರು ಕೊಡುವುದು ಆ ಹಳ್ಳಿಗೆ ಹೊಸತೇನಲ್ಲವಾದ್ದರಿಂದ ತಾವು ಸಂಕೋಚಪಡಬೇಕಿಲ್ಲ. ಡೆರೆಕ್‌ರ ಅಜ್ಜ ಊರಿಗೆ ಬಂದ ಮೊದಲ ಮೋಟಾರು ಕಾರಿನ ಮೇಲೆ ದೂರು ಬರೆದಿದ್ದರು, ಅಪ್ಪ ವಿದ್ಯುತ್ ಕಂಬದ ಗುಂಯ್ ಸದ್ದಿನ ಮೇಲೆ, ಅಮ್ಮ ನನ್ನ ಒಣಮೀನಿನ ಮೇಲೆ. ನಾನು ಉಡುಪಿಯಿಂದ ತಂದ ಒಣಮೀನನ್ನು ಮೊದಲ ಸಲ ಹುರಿದ ದಿನ ಊರಿನಲ್ಲಿ ಏನೋ ಭಯಂಕರವಾದದ್ದು ಸೋರುತ್ತಿದೆಯೆಂದು ಹೆದರಿ ಅಗ್ನಿಶಾಮಕದವರನ್ನು ಕರೆಸಿದ ಪುಣ್ಯಾತ್ಗಿತ್ತಿ ಅವರೇ. ಆದರೆ ಮರುದಿನ ಬೆಳಗ್ಗೆ ಅವರೇ ತೋಟದ ಸೊಪ್ಪಿನ ಹೊರೆಯೊಂದನ್ನು ಹೊತ್ತು ಬಂದು, ನಿನ್ನೆಯದು ಯಾವ ಮೀನು ಎಂದು ವಿಚಾರಿಸಿದರು. ಅಜ್ಜ ಆಮೇಲೆ ಆ ಕಾರಿನಲ್ಲೇ ಆಸ್ಪತ್ರೆಗೆ ಹೋದರು, ಅಪ್ಪ ಆ ಕರೆಂಟಿನಲ್ಲೇ ಹಾಲು ಕರೆದರು. ಅವರು ದೂರು ಕೊಟ್ಟು ಅಲ್ಲೇ ಇರುತ್ತಿದ್ದರು. ತಾವು ಇಲ್ಲಿದ್ದುಕೊಂಡು ಅಲ್ಲಿಗೆ ದೂರು ಕೊಡುವ ಹೊಸ ಪದ್ಧತಿ ತಂದಿದ್ದೀರಿ.

ಈ ನಡುವೆ ಊರು ಬದಲಾಯಿತು. ಫಾರ್ಮಿನ ಹಸುಗಳು ಹೋದವು, ಹಸುಗಳ ಕೊಟ್ಟಿಗೆಯಲ್ಲಿ ಈಗ ಲಂಡನ್ನಿನಿಂದ ಬಂದವರು ಯೋಗಾಸನ ಮಾಡುತ್ತಾರೆ. ಬೇಕರಿಯ ಮನೆಗೆ ‘ಹಳೆಯ ಬೇಕರಿ’ ಎಂದು ಫಲಕ, ಶಾಲೆಗೆ ‘ಹಳೆಯ ಶಾಲೆ’, ಕುಲುಮೆಗೆ ‘ಹಳೆಯ ಕುಲುಮೆ’. ಎಲ್ಲಿ ಏನು ಇಲ್ಲವೋ ಅದರ ಹೆಸರನ್ನು ಚೆಂದದ ಅಕ್ಷರದಲ್ಲಿ ಬರೆದು ನೇತುಹಾಕುವುದು ಅಲ್ಲಿಯ ಈಗಿನ ಮುಖ್ಯ ಕಸುಬು. ಹೀಗೇ ಹೋದರೆ ಇನ್ನು ಹತ್ತು ವರ್ಷಕ್ಕೆ ಊರ ಬಾಯಲ್ಲೇ ‘ಹಳೆಯ ಹಳ್ಳಿ’ ಎಂಬ ಫಲಕ ಬಂದು, ಒಳಗೆ ಹೋಗಲು ಕಾರ್ಡು ಉಜ್ಜಬೇಕಾದೀತು. ನಾವಿದ್ದ ಮನೆಯೂ ‘ಹಳೆಯ ದವಾಖಾನೆ’ಯಾಗಿದೆ. ನಾನು ಇಡ್ಲಿ ಹಿಟ್ಟು ಹುದುಗಲು ಇಡುತ್ತಿದ್ದ ಕೋಣೆಯಲ್ಲಿ ವೈನು ಬಾಟಲಿಗಳು ಮಲಗಿವೆ. ಅದನ್ನು ಲಂಡನ್ನಿನವರಿಗೆ ಮಾರಿದವಳು ನಾನೇ ಆದ್ದರಿಂದ ಊರು ಕೆಟ್ಟಿತೆಂದು ಎದೆ ಬಡಿದುಕೊಳ್ಳುವ ಹಕ್ಕು ನನಗಿಲ್ಲ. ಡೆರೆಕ್‌ರ ಕಣ್ಣಿಗೆ ನಾನೂ ಒಂದು ಬದಲಾವಣೆಯಾಗಿಯೇ ಬಂದವಳು, ಅದೂ ಸಾವಿನ ಗಂಟೆ ಹೊಡೆದುಕೊಂಡು.

ಬದಲಾಗದೆ ಉಳಿದದ್ದು ಆ ಆರು ಗಂಟೆಗಳು ಮಾತ್ರ. ಬಂದವರೆಲ್ಲರನ್ನೂ ಅವು ಕೆಲಸಕ್ಕೆ ಹಚ್ಚಿದವು. ಕಮ್ಮಾರನ ಮೊಮ್ಮಗ ಬಿಟ್ಟ ಹಗ್ಗವನ್ನು ಡಾಕ್ಟರ ಹೆಂಡತಿ ಹಿಡಿದಳು, ಹಾಲಿನವನು ಬಿಟ್ಟದ್ದನ್ನು ಪೋಲೆಂಡಿನಿಂದ ಬಂದ ಅಂಚೆಯವನು ಹಿಡಿದ. 2009ರಲ್ಲಿ ನನ್ನ ಗಂಡ ತೀರಿಕೊಂಡರು. ಅವರು ಆ ಇಗರ್ಜಿಯ ಮತದವರಲ್ಲ, ಒಮ್ಮೆಯೂ ಪ್ರಾರ್ಥನೆಗೆ ಹೋದವರಲ್ಲ. ಆದರೂ ಡೆರೆಕ್ ಗೋಪುರ ಹತ್ತಿ, ಗಂಟೆಗಳ ನಾಲಗೆಗೆ ಒಂದು ಬದಿ ಚರ್ಮ ಕಟ್ಟಿದರು. ಹಾಗೆ ಕಟ್ಟಿದರೆ ಒಂದು ಸುತ್ತು ಗಟ್ಟಿಯಾಗಿ ಕೇಳುತ್ತದೆ, ಮರುಸುತ್ತು ದೂರದಿಂದ ಯಾರೋ ಓಗೊಟ್ಟಂತೆ ಸಣ್ಣಗೆ ಕೇಳುತ್ತದೆ. ಆರನೆಯ ಹಗ್ಗ ನನ್ನದಾದ್ದರಿಂದ ನಾನೇ ಎಳೆಯಬೇಕಾಯಿತು. ಮೂವತ್ತು ವರ್ಷ ಆ ಊರಿನ ನಾಡಿ ಹಿಡಿದ ಮನುಷ್ಯನಿಗೆ ಊರು ಹಾಗೆ ವಿದಾಯ ಹೇಳಿತು. ಅಂದು ನಾನು ಅತ್ತದ್ದು ದುಃಖಕ್ಕಿಂತ ಹೆಚ್ಚಾಗಿ ಕೃತಜ್ಞತೆಗೆ, ಇದನ್ನು ಬರೆಯುವಾಗಲೂ ಕಣ್ಣು ಮಂಜಾಗುತ್ತದೆ. ಮೂರು ವರ್ಷದ ನಂತರ ಮಗಳು ಸುರಕ್ಷಾಳ ಮನೆಗೆ, ಈ ಡಬ್ಲಿನ್‌ಗೆ ಬಂದೆ. ಆದರೆ ಪ್ರತಿ ಸೆಪ್ಟೆಂಬರಿನಲ್ಲೂ ಹೋಗಿ, ಉಳಿದ ತಿಂಗಳು ಪಕ್ಕದೂರಿನವರೊಬ್ಬರು ಎರವಲು ಬಂದು ಹಿಡಿಯುವ ನನ್ನ ಹಗ್ಗವನ್ನು ನಾನೇ ಎಳೆದು ಬರುತ್ತೇನೆ.

ಆದ್ದರಿಂದ ತಮ್ಮ ನೆಮ್ಮದಿಗೂ ಡೆರೆಕ್‌ರ ಆಸೆಗೂ ಹೊಂದಿಕೆಯಾಗುವಂಥ ಕೆಲವು ಸಲಹೆಗಳನ್ನು ವಿನಯಪೂರ್ವಕ ಮಂಡಿಸುತ್ತೇನೆ. ಗಂಟೆಗಳನ್ನು ಮೂಕವಾಗಿ ಬಾರಿಸಿ, ಸದ್ದನ್ನು ಪ್ರತ್ಯೇಕವಾಗಿ ತಮಗೆ ಇಮೇಲಿನಲ್ಲಿ ಕಳಿಸಿದರೆ, ಬಿಡುವಾದಾಗ ತೆರೆದು ನೋಡಬಹುದು. ಊರಿನವರು ಇನ್ನು ಮುಂದೆ ಸಾಯುವುದಿದ್ದರೆ, ಮದುವೆಯಾಗುವುದಿದ್ದರೆ, ಎರಡು ವಾರ ಮೊದಲೇ ತಮ್ಮ ಕ್ಯಾಲೆಂಡರಿಗೆ ಆಹ್ವಾನ ಕಳಿಸಿ ತಮ್ಮ ಒಪ್ಪಿಗೆ ಪಡೆಯಲಿ. ಇಗರ್ಜಿ ಅಲ್ಲಿ ಆರುನೂರು ವರ್ಷದಿಂದ ಇದೆ, ತಾವು ಮೂರು ವರ್ಷದಿಂದ ಇದ್ದೀರಿ. ಹಿರಿತನವನ್ನೇ ನೋಡುವುದಾದರೆ ತಮಗೆ ಅನ್ಯಾಯವಾಗುವುದರಿಂದ, ಇಗರ್ಜಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಪಕ್ಕದ ಜಿಲ್ಲೆಗೆ ಸಾಗಿಸಬಹುದು. ನೆದರ್ ಕೂಂಬ್ಲಿಯ ಕಾಗೆಗಳು ಮುಂಜಾನೆ ನಾಲ್ಕಕ್ಕೇ ಕೂಗುತ್ತವೆಂದು ತಮ್ಮ ಯಂತ್ರ ಇಷ್ಟರಲ್ಲೇ ಹೇಳಿರಬೇಕು. ಅವುಗಳನ್ನು ನಮ್ಮ ಡಬ್ಲಿನ್ನಿನ ಮನೆಮಾಲೀಕರ ಸಂಘಕ್ಕೆ ಒಪ್ಪಿಸಿಬಿಡಿ. ಗ್ಯಾರೇಜು ಬಾಗಿಲಿಗೆ ಕಂದುಬಣ್ಣದಲ್ಲಿ ಯಾವ ಕಂದು ಎಂದು ಮೂರು ಸಭೆ ನಡೆಸಿದವರು, ಕಾಗೆಗಳ ಮಾತು ಎರಡೇ ಸಭೆಯಲ್ಲಿ ನಿಲ್ಲಿಸಿಯಾರು.

ತಮ್ಮ ದೂರಿನ ಹನ್ನೆರಡನೆಯ ಪುಟ ನನ್ನ ಮನಸ್ಸನ್ನು ವಿಶೇಷವಾಗಿ ತಟ್ಟಿತು. ಡೆರೆಕ್ ಅದನ್ನು ಫೋನಿನಲ್ಲಿ ನನಗೆ ಎರಡು ಸಲ ಓದಿ ಹೇಳಿದರು. ಏಪ್ರಿಲ್ ತಿಂಗಳಿಂದೀಚೆಗೆ ಎರಡನೆಯ ಗಂಟೆ ಯಾವಾಗಲೂ ತಡವಾಗಿ, ಮಹಡಿ ಮೆಟ್ಟಿಲ ಮೇಲಿಂದ ಗಾಡ್ರೇಜ್ ಬೀರು ಉರುಳಿದಂತೆ ಬೀಳುತ್ತಿದೆಯೆಂದು ತಾವು ಬರೆದಿದ್ದೀರಿ. ಗಾಡ್ರೇಜ್ ಬೀರು ಏನೆಂದು ಡೆರೆಕ್‌ಗೆ ತಿಳಿಯಲಿಲ್ಲ, ನಾನು ವಿವರಿಸಿದ ಮೇಲೆ ಹೋಲಿಕೆ ಸರಿಯಾಗಿದೆಯೆಂದು ಒಪ್ಪಿಕೊಂಡರು. ಕಳೆದ ಚಳಿಗಾಲದಲ್ಲಿ ನಮ್ಮ ಆರು ಜನರಲ್ಲಿ ಎರಡನೆಯ ಹಗ್ಗದವರು ಊರು ಬಿಟ್ಟು ಹೋಗಿ, ಅವರ ಜಾಗಕ್ಕೆ ಹೊಸಬರೊಬ್ಬರು ಬಂದಿದ್ದಾರೆ. ಅವರಿನ್ನೂ ಕಲಿಯುತ್ತಿದ್ದಾರೆ. ಅವರು ಕಲಿಯದಿದ್ದರೆ ಐವರೇ ಉಳಿಯುತ್ತೇವೆ, ಹದಿನಾಲ್ಕನೇ ತಾರೀಕು ಸುಮ್ಮನೆ ಕೇಕು ತಿಂದು ಮನೆಗೆ ಹೋಗಬೇಕಾಗುತ್ತದೆ. ಮೊನ್ನೆ ಡೆರೆಕ್ ನನಗೆ ಹೇಳಿದ ಮಾತು ಒಂದೇ: “ನನಗೆ ಕೇಕು ಬೇಡ ಸುಗುಣಾ, ಆರು ಜನ ಬೇಕು.”

ಅದೇ ಪುಟದ ಕೊನೆಯಲ್ಲಿ ತಾವು, ಈ ದೂರು ತಮ್ಮ ಸ್ವಂತಕ್ಕಲ್ಲ, ಬಂಗಲೆಯಲ್ಲಿ ಈಗ ತಂಗಿರುವ ವಯೋವೃದ್ಧರೊಬ್ಬರ ವಿಶ್ರಾಂತಿಗಾಗಿ ಎಂದೂ, ಅವರಿಗೆ ಈ ಸದ್ದಿನಿಂದ ಎದೆ ನಡುಗುವ ಸಂಭವವಿದೆಯೆಂದೂ ಬರೆದಿರುವಿರಿ. ಇದಕ್ಕೆ ನಾನು ಎದ್ದು ನಿಂತು ಕೈಮುಗಿಯುತ್ತೇನೆ. ಹಿರಿಯರ ಬಗ್ಗೆ ಇಷ್ಟು ಕಾಳಜಿಯುಳ್ಳ ತಾವು, ತೊಂಬತ್ತು ವರ್ಷದ ಇನ್ನೊಬ್ಬ ಹಿರಿಯರ ಮುಕ್ಕಾಲು ತಾಸಿನ ಸಲುವಾಗಿ, ಸೆಪ್ಟೆಂಬರ್ ನಾಲ್ಕರೊಳಗೆ ದೂರನ್ನು ಹಿಂತೆಗೆದುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ಹಿಂತೆಗೆದುಕೊಳ್ಳಲು ಹತ್ತೊಂಬತ್ತು ಪುಟ ಬೇಕಿಲ್ಲ, ಒಂದು ಸಾಲು ಸಾಕು. ಕೌನ್ಸಿಲ್ಲಿನಲ್ಲಿ ದೂರುಗಳನ್ನು ನೋಡಿಕೊಳ್ಳುವ ಹೆಣ್ಣುಮಗಳು ಬಹಳ ಒಳ್ಳೆಯವಳು, ಅವಳ ಹೆರಿಗೆ ಮಾಡಿಸಿದ್ದು ನನ್ನ ಗಂಡನೇ.

ನಾನು ಈ ತಿಂಗಳ ಇಪ್ಪತ್ತೆಂಟಕ್ಕೆ ಹೊರಡುತ್ತಿದ್ದೇನೆ. ಈ ವಯಸ್ಸಿನಲ್ಲಿ ಹನ್ನೊಂದು ತಾಸು ವಿಮಾನದಲ್ಲಿ ಕೂತು ಹೋಗಿ ಹಗ್ಗ ಎಳೆಯುವುದು ಯಾವ ಹುಚ್ಚು ಎಂದು ಸುರಕ್ಷಾ ಬೈಯುತ್ತಿದ್ದಾಳೆ. ಅವಳು ಹುಟ್ಟುವ ಮೊದಲೇ ಅವಳ ಹೆಸರಿನಲ್ಲಿ ಮೂರು ಸಲ ಬಾರಿಸಿದವಳು ನಾನು, ಈಗ ಡೆರೆಕ್ ಹೆಸರಿನಲ್ಲಿ ಬಾರಿಸದೆ ಇರಲಾರೆ. ತಾವು ದೂರು ಹಿಂತೆಗೆದರೂ ಬರುತ್ತೇನೆ, ಹಿಂತೆಗೆಯದಿದ್ದರೆ ವಿಚಾರಣೆಗೇ ನೇರವಾಗಿ ಬರುತ್ತೇನೆ.

ಇಂತು,
ತಮ್ಮ ಯಂತ್ರಕ್ಕೆ ಮುಂದೆಯೂ ಕೆಲಸ ಕೊಡಲಿರುವ ವಿಶ್ವಾಸಿ,
ಸುಗುಣಾ ಜಯರಾಜ್
ಡಬ್ಲಿನ್, ಆಗಸ್ಟ್ 2025

ತಾಜಾ ಕಲಂ: ಆ ವಯೋವೃದ್ಧರ ಎದೆಯ ಬಗ್ಗೆ ತಾವು ಚಿಂತಿಸಬಾರದೆಂದು ಒಂದು ಮಾತು ತಿಳಿಸಿಬಿಡುತ್ತೇನೆ. ಎರಡನೆಯ ಗಂಟೆಯ ಹಗ್ಗ ಹಿಡಿದಿರುವವರು ತಮ್ಮ ತಾಯಿ, ಮೈಸೂರಿನ ನಿವೃತ್ತ ಗಣಿತದ ಮೇಡಂ, ಶ್ರೀಮತಿ ಹರಿಪ್ರಿಯಾ ಅವರು. ನಿಮ್ಮ ದೇಶದ ಹೆಂಗಸೊಬ್ಬರು ಬಂದಿದ್ದಾರೆಂದು ಡೆರೆಕ್ ಅವರೇ ನಮ್ಮಿಬ್ಬರಿಗೂ ಫೋನಿನಲ್ಲಿ ಪರಿಚಯ ಮಾಡಿಸಿದರು. ಕ್ರಮ ಬದಲಾಗುವ ಲೆಕ್ಕ ಅವರಿಗೆ ಒಂದೇ ಸಂಜೆಯಲ್ಲಿ ಬಾಯಿಪಾಠವಾಯಿತಂತೆ, ಕೈ ಮಾತ್ರ ಇನ್ನೂ ಪಳಗಬೇಕು. ಮಗನಿಗೆ ಇಷ್ಟು ತೊಂದರೆಯಾಗುತ್ತಿದೆಯಲ್ಲ, ಬುಧವಾರದ ಅಭ್ಯಾಸ ಬಿಡಬಾರದೇ ಎಂದು ನಾನೇ ಅವರನ್ನು ಕೇಳಿದೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: “ಫೋನ್ ಮಾಡಿದ್ರೆ ಮೀಟಿಂಗಲ್ಲಿದೀನಿ ಅಮ್ಮ, ಆಮೇಲೆ ಮಾಡ್ತೀನಿ ಅಂತಾನೆ, ಮಾಡಲ್ಲ. ನಾನು ಹಗ್ಗ ಎಳೆದ ದಿನ ಮಾತ್ರ, ಅದೇನು ಸದ್ದು ಅಮ್ಮ, ನೀನು ಹುಷಾರಾಗಿದೀಯಾ ಅಂತ ತಾನೇ ಫೋನ್ ಮಾಡ್ತಾನೆ. ಅದಕ್ಕೇ ಸ್ವಲ್ಪ ಜೋರಾಗೇ ಎಳೀತೀನಿ.”